ಮೊದಲು ನಿಲ್ಲುತ್ತದೆಯೇ ನೋಡಿ: ರಾಯಚೂರಿನ ಬಿಸಿಲಿಗೆ ರೋಬೋ ಗೊಂಬೆ ಆರಿಸುವ ಬಗೆ

ರಾಯಚೂರು ಜಿಲ್ಲೆಯ ಮಾನ್ವಿಯ ಯಾವುದಾದರೂ ಮನೆಯ ಕಟ್ಟೆಯ ಮೇಲೆ ರೋಬೋ ಗೊಂಬೆಯ ಪಾರ್ಸೆಲ್ ಬಿಚ್ಚಿದರೆ ಮಾತು ಹೆಚ್ಚುಕಡಿಮೆ ಹೀಗೇ ಸಾಗುತ್ತದೆ. “ಇಷ್ಟು ರೊಕ್ಕ ಕೊಟ್ಟು ಪ್ಲಾಸ್ಟಿಕ್ ತರಿಸೀಯೇನಪಾ?” ಎಂದು ತಾತ ಕೇಳುತ್ತಾರೆ. “ಇದು ಆಡಾಕಲ್ಲ ತಾತಾ, ಇಡಾಕ” ಎನ್ನುತ್ತಾನೆ ಮೊಮ್ಮಗ. ತಾತ ಅದನ್ನು ಕೈಯಲ್ಲಿ ತೂಗಿ, ಕಟ್ಟೆಯ ಕಲ್ಲಿನ ಮೇಲಿಟ್ಟು, ಬೆರಳಿನಿಂದ ಒಮ್ಮೆ ಮೆಲ್ಲಗೆ ನೂಕುತ್ತಾರೆ. “ಇಡಾಕಂದ್ರ, ಮೊದ್ಲು ನಿಂದ್ರತೈತೇನ್ ನೋಡು.”

ತಾತನಿಗೆ ಗೊಂಬೆಯ ಹೆಸರು ಗೊತ್ತಿಲ್ಲ, ಆದರೆ ಪರೀಕ್ಷೆ ಗೊತ್ತು. ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಕೊಳ್ಳುವಾಗ ಈ ಭಾಗದವರು ಮಾಡುವುದೂ ಅದನ್ನೇ. ಬಣ್ಣ ಆಮೇಲೆ. ಮೊದಲು ನಾಲ್ಕು ಕಾಲೂ ನೆಲ ಮುಟ್ಟಿವೆಯೇ, ಕೋಡು ತಲೆಗೆ ಕೂಡುವಲ್ಲಿ ಬಿರುಕಿದೆಯೇ, ಇಟ್ಟಾಗ ಓಲಾಡುತ್ತದೆಯೇ ಎಂದು ನೋಡುತ್ತಾರೆ. ಹಲವು ಸಾವಿರ ರೂಪಾಯಿಯ ರೋಬೋ ಗೊಂಬೆಗೂ ಈ ಮೂರು ಪ್ರಶ್ನೆ ಸಲ್ಲುತ್ತವೆ. ಸಂಗ್ರಾಹಕರು ಎಡವುವುದು ಹೆಚ್ಚಾಗಿ ಈ ಕ್ರಮವನ್ನು ತಿರುಗುಮುರುಗು ಮಾಡಿದಾಗ: ಪೆಟ್ಟಿಗೆಯ ಚಿತ್ರಕ್ಕೆ ಸೋತು, ಬಣ್ಣಕ್ಕೆ ಮರುಳಾಗಿ, ಕಾಲಿನ ಕೀಲನ್ನು ಕೊನೆಗೆ ನೋಡಿದಾಗ.

ದೈತ್ಯ ರೋಬೋಗಳು ಈ ಕಡೆಗೆ ಹೊಸಬರೇನಲ್ಲ. 1967ರಲ್ಲಿ ಜಪಾನಿನಲ್ಲಿ ತಯಾರಾದ ‘ಜಯಂಟ್ ರೋಬೋಟ್’ ಧಾರಾವಾಹಿ 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದಿತ್ತು. ಕೈಗಡಿಯಾರಕ್ಕೆ ಮಾತಾಡಿ ರೋಬೋವನ್ನು ಕರೆಯುವ ಹುಡುಗನನ್ನು ಈಗ ಐವತ್ತರ ಆಸುಪಾಸಿನಲ್ಲಿರುವ ಹಲವರು ಮರೆತಿರಲಾರರು. ಆದರೆ ಅವರ ಕೈಗೆ ಆಗ ಸಿಕ್ಕದ್ದು ಜಾತ್ರೆ, ಉರುಸಿನ ಅಂಗಡಿಯ ಟೊಳ್ಳು ಪ್ಲಾಸ್ಟಿಕ್ ಗೊಂಬೆ. ಜಪಾನಿನಲ್ಲಿ ಅಷ್ಟು ಹೊತ್ತಿಗೆ ಆಟಿಕೆಯ ಕಸುಬು ಬಹಳ ಮುಂದೆ ಹೋಗಿತ್ತು. ಪಾಪಿ ಎಂಬ ಕಂಪನಿ 1974ರಲ್ಲಿ ಮಾಜಿಂಗರ್ ಜೆಡ್ ರೋಬೋವನ್ನು ಸತುವಿನ ಮಿಶ್ರಲೋಹದಲ್ಲಿ ಎರಕಹೊಯ್ದು ‘ಚೋಗೋಕಿನ್’ ಎಂಬ ಹೆಸರಲ್ಲಿ ಮಾರಿತು. ಕತೆಯೊಳಗಿನ ರೋಬೋ ಯಾವ ಕಲ್ಪಿತ ಮಹಾಲೋಹದಿಂದ ಮಾಡಿದ್ದೋ ಅದರ ಹೆಸರೇ ಗೊಂಬೆಗೂ ಬಂತು. 1979ರಲ್ಲಿ ಗುಂಡಮ್ ಧಾರಾವಾಹಿ ಬಂತು. ಮರುವರ್ಷ ಬಂಡಾಯ್ ಕಂಪನಿ 300 ಯೆನ್‌ಗೆ ಅದರ ಜೋಡಿಸುವ ಕಿಟ್ ತಂದಿತು. 1984ರಲ್ಲಿ ಅಮೆರಿಕದ ಹಾಸ್‌ಬ್ರೊ, ಜಪಾನಿನ ಟಕಾರಾ ಕಂಪನಿಯ ಅಚ್ಚುಗಳನ್ನು ಪಡೆದು ಟ್ರಾನ್ಸ್‌ಫಾರ್ಮರ್ಸ್ ಎಂದು ಜಗತ್ತಿಗೆಲ್ಲ ಮಾರಿತು. ಇವತ್ತು ದೇವದುರ್ಗದ ಹುಡುಗ ಮೊಬೈಲಿನಲ್ಲಿ ಬೆರಳೊತ್ತಿ ತರಿಸುವ ಗೊಂಬೆಗಳಲ್ಲಿ ಬಹುಪಾಲು ಈ ಮೂರು ಕುಲಕ್ಕೆ ಸೇರಿದವು, ಇಲ್ಲವೇ ಇವುಗಳ ನಕಲು.

ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಚೋಗೋಕಿನ್‌ನಲ್ಲಿ ಲೋಹ ಹೆಚ್ಚು. ಕೈಗೆ ಭಾರವಾಗಿ, ತಣ್ಣಗೆ ಹತ್ತಬೇಕು. ಗುಂಡಮ್ ಕಿಟ್ ಪೂರ್ತಿ ಪ್ಲಾಸ್ಟಿಕ್, ಹಗುರ. ಅದು ಹಗುರವೆಂದು ಬೈಯುವುದು ಹತ್ತಿ ಹಗುರವೆಂದು ಬೈದಂತೆ. ಟ್ರಾನ್ಸ್‌ಫಾರ್ಮರ್ ಒಮ್ಮೆ ಲಾರಿ, ಒಮ್ಮೆ ರೋಬೋ ಆಗಬೇಕಾದ್ದರಿಂದ ಎರಡು ರೂಪದಲ್ಲೂ ಅದರ ಹಲಗೆಗಳು ಸರಿಯಾಗಿ ಕೂಡಬೇಕು. ಲೋಹವಿದೆ ಎಂದು ಮಾರುವವನು ಹೇಳಿದರೆ ಮನೆಯ ಅಯಸ್ಕಾಂತ ತಂದು ಹಿಡಿದು, ಹತ್ತಲಿಲ್ಲವೆಂದು ಜಗಳಕ್ಕೆ ನಿಲ್ಲುವವರಿದ್ದಾರೆ. ಸತುವಿನ ಮಿಶ್ರಲೋಹಕ್ಕೆ ಅಯಸ್ಕಾಂತ ಹತ್ತುವುದಿಲ್ಲ. ಹತ್ತಿದರೆ ಅದು ಒಳಗಿನ ಸ್ಕ್ರೂ ಅಥವಾ ಪಿನ್ನು. ಕೆನ್ನೆಗೆ ತಾಗಿಸಿ ತಂಪು ನೋಡುವುದು, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟು ಅದೇ ಮಾದರಿಯ ಅಸಲಿ ಗೊಂಬೆಯ ತೂಕಕ್ಕೆ ಹೋಲಿಸುವುದು ಇದಕ್ಕಿಂತ ನಂಬಿಕೆಯ ದಾರಿ. ಅಸಲಿಗಿಂತ ನಕಲು ಬಹಳ ಸಲ ಹಗುರ, ಲೋಹವಿರಬೇಕಾದಲ್ಲಿ ಬೆಳ್ಳಿ ಬಣ್ಣ ಬಳಿದ ಪ್ಲಾಸ್ಟಿಕ್ ಇರುತ್ತದೆ. ಆದರೆ ತೂಕವೇ ಗುಣವಲ್ಲ. ಎದೆ ತುಂಬ ಲೋಹ ತುಂಬಿ, ಸೊಂಟದ ಕೀಲನ್ನು ಸಣ್ಣ ಪ್ಲಾಸ್ಟಿಕ್ ಗುಂಡಿಗೆ ಬಿಟ್ಟ ಗೊಂಬೆ ಒಂದು ತಿಂಗಳಲ್ಲಿ ಮುಂದಕ್ಕೆ ಬಾಗುತ್ತದೆ.

ದೈತ್ಯ ಎಂಬ ಮಾತಿಗೂ ಲೆಕ್ಕ ಬೇಕು. ಕತೆಯಲ್ಲಿ ಮೊದಲ ಗುಂಡಮ್‌ನ ಎತ್ತರ 18 ಮೀಟರ್. ಪೆಟ್ಟಿಗೆಯ ಮೇಲೆ 1/144 ಎಂದಿದ್ದರೆ ಗೊಂಬೆ 12.5 ಸೆಂಟಿಮೀಟರ್, 1/100 ಆದರೆ 18, 1/60 ಆದರೆ 30. ಫೋಟೋದಲ್ಲಿ ಆಳೆತ್ತರ ಕಂಡದ್ದು ಅಂಗೈಯಲ್ಲಿ ಅಡಗುವಷ್ಟು ಬಂತೆಂದು ದೂರುವವರು ಈ ಭಾಗಾಕಾರ ಮಾಡಿರುವುದಿಲ್ಲ. ಅಳತೆ ಕಣ್ಣಿಗೆ ಕಟ್ಟಬೇಕೆಂದರೆ ರಾಯಚೂರು ಕೋಟೆಗೆ ಹೋಗಿ ಬರಬಹುದು. ಅಲ್ಲಿನ ಗೋಡೆಯಲ್ಲಿ 1294ರ ಶಾಸನ ಹೊತ್ತ, ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದನ್ನು ಬಂಡಿಯ ಮೇಲೇರಿಸಿ ಜಾನುವಾರುಗಳ ಉದ್ದ ಸಾಲು ಎಳೆದು ತರುವ ಚಿತ್ರವನ್ನೂ ಗೋಡೆಯಲ್ಲೇ ಕೊರೆದಿದ್ದಾರೆ. ಆ ಕಲ್ಲನ್ನು ನೆಟ್ಟಗೆ ನಿಲ್ಲಿಸಿದರೂ ಗುಂಡಮ್‌ನ ಎದೆಯ ಹತ್ತಿರಕ್ಕೆ ಬಂದೀತು, ಅಷ್ಟೇ. 1/144ರಲ್ಲಿ ಅದರ ಉದ್ದ ಒಂಬತ್ತು ಸೆಂಟಿಮೀಟರ್‌ಗೂ ಒಂಚೂರು ಕಡಿಮೆ. ಒಳ್ಳೆಯ ಶಿಲ್ಪಿ ಈ ಸಣ್ಣ ಅಳತೆಯಲ್ಲೂ ದೈತ್ಯತನ ಉಳಿಸುತ್ತಾನೆ: ತಲೆ ಚಿಕ್ಕದು, ಪಾದ ಅಗಲ, ಮೈಮೇಲೆ ಕೂದಲೆಳೆಯಂಥ ಗೆರೆಗಳು. ಗೆರೆ ದಪ್ಪವಾಗಿದ್ದರೆ ರೋಬೋ ಕೂಡಲೇ ಕಬ್ಬಿಣದ ತಿಜೋರಿಯಂತೆ ಕಾಣತೊಡಗುತ್ತದೆ.

ಇನ್ನು ಕೀಲು. ಕನ್ನಡದಲ್ಲಿ ಕೀಲುಗೊಂಬೆ ಎಂಬ ಮಾತೇ ಇದೆ. ಆ್ಯಕ್ಷನ್ ಫಿಗರ್‌ಗೆ ಅದಕ್ಕಿಂತ ಒಪ್ಪುವ ಹೆಸರು ಸಿಗಲಿಕ್ಕಿಲ್ಲ. ಭುಜ, ಮೊಣಕೈ, ಸೊಂಟ, ಮೊಣಕಾಲು, ಹರಡು, ಇಷ್ಟರಲ್ಲೇ ಗೊಂಬೆಯ ಆಯುಷ್ಯವಿದೆ. ಕೀಲುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಉಜ್ಜಾಟದ ಬಲದಿಂದ ನಿಲ್ಲುವ ಕಡ್ಡಿಕೀಲು, ಎಲ್ಲ ಕಡೆ ತಿರುಗುವ ಗುಂಡುಕೀಲು, ಮತ್ತೆ ‘ಕಟ್ ಕಟ್’ ಎಂದು ಹಲ್ಲಿಂದ ಹಲ್ಲಿಗೆ ಕೂರುವ ರ‍್ಯಾಚೆಟ್. ಭಾರದ ಗೊಂಬೆಗೆ ಸೊಂಟದಲ್ಲಿ, ಮೊಣಕಾಲಲ್ಲಿ ರ‍್ಯಾಚೆಟ್ ಇದ್ದರೆ ಚೆನ್ನ. ಆದರೆ ಹಲ್ಲುಗಳ ನಡುವಿನ ಅಂತರ ಜಾಸ್ತಿಯಾದರೆ ಕಾಲು ಒಂದೋ ತೀರ ಅಗಲ, ಇಲ್ಲವೇ ತೀರ ಹತ್ತಿರ ನಿಲ್ಲುತ್ತದೆ, ನಡುವಿನ ನಿಲುವೇ ಸಿಗದು.

ಪರೀಕ್ಷೆ ಸುಲಭ. ಗೊಂಬೆಯ ಎರಡೂ ತೋಳನ್ನು ಭುಜದ ಮಟ್ಟಕ್ಕೆ ಚಾಚಿ, ಕೈಗೆ ಅದರದೇ ಆಯುಧ ಕೊಟ್ಟು, ರಾತ್ರಿಯಿಡೀ ಹಾಗೇ ಬಿಡಬೇಕು. ಬೆಳಿಗ್ಗೆ ತೋಳು ಇಳಿದಿದ್ದರೆ ಕೀಲು ಸಡಿಲ. ಆಮೇಲೆ ಒಂದು ಕಾಲನ್ನು ಮುಂದಿಟ್ಟು, ಮೊಣಕಾಲು ಬಗ್ಗಿಸಿ ನಿಲ್ಲಿಸಿ, ಟೇಬಲ್ಲನ್ನು ಎರಡು ಬಾರಿ ಬೆರಳಿಂದ ತಟ್ಟಬೇಕು. ಪಾದ ಪೂರ್ತಿ ನೆಲಕ್ಕಂಟದೆ ಬರೀ ಅಂಚಿನ ಮೇಲೆ ನಿಂತಿದ್ದರೆ ಹರಡಿನ ಕೀಲು ಪಕ್ಕಕ್ಕೆ ಸಾಲುವಷ್ಟು ಬಾಗುತ್ತಿಲ್ಲ ಎಂದರ್ಥ. ದೊಡ್ಡ ಕಂಪನಿಗಳ ಗೊಂಬೆಗಳೂ ಇಲ್ಲಿ ಸೋಲುವುದುಂಟು. ಎಡಗಡೆಯ ಕೀಲು ಬಿಗಿ, ಬಲಗಡೆಯದು ಸಡಿಲ ಎಂಬ ವ್ಯತ್ಯಾಸವನ್ನೂ ಗಮನಿಸಬೇಕು. ಎರಡೂ ಒಂದೇ ಸಮ ಸಡಿಲವಿದ್ದರೆ ಅದು ವಿನ್ಯಾಸದ ತಪ್ಪು, ಒಂದೇ ಕಡೆ ಇದ್ದರೆ ಆ ಒಂದು ಗೊಂಬೆಯ ದೋಷ, ಬದಲಿಸಿ ಕೊಡೆಂದು ಕೇಳಬಹುದು.

ಬಿಗಿಯಾದ ಕೀಲಿನ ಜೊತೆ ಜಿದ್ದಿಗೆ ಬೀಳಬಾರದು. ಬಲವಂತದಿಂದ ತಿರುಗಿಸಿದರೆ ಕೀಲಿನ ಬುಡದಲ್ಲಿ ಮೊದಲು ಬಿಳಿ ಗೆರೆ ಮೂಡುತ್ತದೆ, ಆಮೇಲೆ ‘ಟಕ್’ ಎಂಬ ಸದ್ದು, ಆಮೇಲೆ ಅಂಟಿನ ಬಾಟಲಿ. ಆ ಭಾಗಕ್ಕೆ ಹೇರ್ ಡ್ರೈಯರಿನ ಬಿಸಿಗಾಳಿ ತುಸು ಹೊತ್ತು ಹಿಡಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಕೀಲು ಬಿಡುತ್ತದೆ. ಸಡಿಲವಾದ ಗುಂಡುಕೀಲಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿದ ಮೇಲಷ್ಟೇ ಕೂಡಿಸಿದರೆ ಹಿಡಿತ ಬರುತ್ತದೆ. ಒಣಗುವ ಮೊದಲೇ ಕೂಡಿಸಿದವರು ಕೀಲುಗೊಂಬೆಯನ್ನು ಕಲ್ಲುಗೊಂಬೆ ಮಾಡಿಕೊಂಡಿದ್ದಾರೆ.

ಮೈಯ ಕೆಲಸ ನೋಡಲು ಕಣ್ಣಿಗೆ ತರಬೇತಿ ಬೇಕು. ಈ ಭಾಗದವರಿಗೆ ಅದು ಮನೆ ಹತ್ತಿರವೇ ಸಿಗುತ್ತದೆ. 1997ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದ, ಈಗ ಕೊಪ್ಪಳ ಜಿಲ್ಲೆಗೆ ಸೇರಿದ ಕಿನ್ನಾಳದ ಚಿತ್ರಗಾರರ ಗೊಂಬೆಗಳು ಭೌಗೋಳಿಕ ಸೂಚಿಕೆ ಪಡೆದ ಕಸುಬು. ಅವರು ಹಗುರ ಮರದಲ್ಲಿ ಕೈಕಾಲು ಬೇರೆಬೇರೆ ಕೆತ್ತಿ ಕೂಡಿಸಿ, ಹುಣಸೆಬೀಜದ ಅಂಟು ಮತ್ತು ಮರದ ಹೊಟ್ಟು ಕಲಸಿದ ಕಿಟ್ಟದಿಂದ ಕೂಡುಗೆರೆಗಳನ್ನು ಮುಚ್ಚುತ್ತಾರೆ. ಒಡವೆಯ ಉಬ್ಬುಗೆರೆಗೆ ಕಲ್ಲಿನ ಪುಡಿ ಕಲಸಿದ ಅಂಟು. ಒಳ್ಳೆಯ ಕಿನ್ನಾಳದ ಗೊಂಬೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ತೋಳು ಭುಜಕ್ಕೆ ಸೇರಿದ ಜಾಗ ಎಲ್ಲೆಂದು ಹೇಳುವುದು ಕಷ್ಟ. ರೋಬೋ ಗೊಂಬೆಯನ್ನೂ ಹೀಗೇ ಓರೆಬೆಳಕಿಗೆ ಹಿಡಿಯಬೇಕು. ಅಚ್ಚಿನ ಎರಡು ಹೋಳು ಕೂಡಿದ ಗೆರೆ ಕಾಲುದ್ದಕ್ಕೂ ಎದ್ದು ಕಾಣುತ್ತದೆಯೇ? ದಪ್ಪ ಭಾಗದ ಮೇಲ್ಮೈ ಒಳಗೆ ಕುಸಿದು ಸಣ್ಣ ಗುಳಿ ಬಿದ್ದಿದೆಯೇ? ಪ್ಲಾಸ್ಟಿಕ್ ಒಳಹರಿದ ಜಾಗದ ಗುರುತು ಎದೆಯ ನಡುವೆ ಇದೆಯೋ, ಕಂಕುಳಲ್ಲಿ ಅಡಗಿದೆಯೋ? ಅದನ್ನು ಎಲ್ಲಿ ಅಡಗಿಸಬೇಕೆಂದು ಯೋಚಿಸಿದ ಕಂಪನಿ ಉಳಿದದ್ದನ್ನೂ ಯೋಚಿಸಿರುತ್ತದೆ.

ಬಣ್ಣದಲ್ಲಿ ಮೊದಲು ಕಣ್ಣು. ಕೆಲವು ಮಿಲಿಮೀಟರ್ ಅಗಲದ ಆ ಹಳದಿ ಅಥವಾ ನೀಲಿ ಪಟ್ಟಿ ಒಂದು ಕಡೆ ಜಾರಿದ್ದರೆ, ಎಷ್ಟೇ ಬೆಲೆಯ ರೋಬೋ ಆದರೂ ನಿದ್ದೆಗಣ್ಣಿನಲ್ಲಿ ನಿಂತಂತೆ ಕಾಣುತ್ತದೆ. ಕೆಂಪು ಬಣ್ಣ ಬಿಳಿಯ ಮೇಲೆ ಚೆಲ್ಲಿದೆಯೇ, ಅಕ್ಷರ ಮುದ್ರೆಯ ಅಂಚು ಚೂಪಾಗಿದೆಯೇ, ಕೀಲು ತಿರುಗಿದಾಗ ಬಣ್ಣ ಕೆತ್ತಿ ಬರುತ್ತದೆಯೇ, ಇವೆಲ್ಲ ಮೂರು ನಿಮಿಷದ ಕೆಲಸ. ಟ್ರಾನ್ಸ್‌ಫಾರ್ಮರ್ ಆದರೆ ಮೂರು ಸಲ ಪೂರ್ತಿ ರೂಪ ಬದಲಿಸಿ ನೋಡಬೇಕು. ಮೊದಲ ಸಲ ಎಲ್ಲವೂ ಬಿಗಿ. ಹಲಗೆ ಹಲಗೆಗೆ ಸರಿಯಾಗಿ ಕಚ್ಚಿಕೊಳ್ಳುತ್ತದೆಯೋ ಇಲ್ಲವೋ ಎಂಬುದು ಮೂರನೆಯ ಸಲಕ್ಕೆ ಗೊತ್ತಾಗುತ್ತದೆ.

ನಕಲಿನ ವಿಷಯದಲ್ಲಿ ಪೆಟ್ಟಿಗೆ ಕೊಂಚ ಸಹಾಯ ಮಾಡುತ್ತದೆ, ಕೊಂಚ ದಾರಿ ತಪ್ಪಿಸುತ್ತದೆ. ಮಸುಕಾದ ಮುದ್ರಣ, ಕಾಗುಣಿತದ ತಪ್ಪು, ಕಂಪನಿಯ ಹೆಸರೇ ಇಲ್ಲದಿರುವುದು ಕೆಟ್ಟ ಸೂಚನೆಗಳು. ಜಪಾನಿನ ಕೆಲವು ಪರವಾನಗಿ ಗೊಂಬೆಗಳ ಮೇಲೆ ಹೊಳೆಯುವ ಸಣ್ಣ ಚೀಟಿ ಇರುತ್ತದೆ, ಆದರೆ ಚೀಟಿಯನ್ನೂ ನಕಲು ಮಾಡುತ್ತಾರೆ. ಚೀನಾದಲ್ಲಿ ತಯಾರಾದದ್ದು ಎಂದು ಬರೆದಿದೆಯೆಂದ ಮಾತ್ರಕ್ಕೆ ನಕಲು ಎನ್ನಲಾಗದು; ಅಸಲಿ ಟ್ರಾನ್ಸ್‌ಫಾರ್ಮರ್‌ಗಳೂ ಚೀನಾ, ವಿಯೆಟ್ನಾಂ ಕಾರ್ಖಾನೆಗಳಿಂದಲೇ ಬರುತ್ತವೆ. ಗುಂಡಮ್ ಕಿಟ್‌ಗಳ ತವರು ಮಾತ್ರ ಜಪಾನಿನ ಶಿಜುಒಕಾ. ಪಾದದಡಿ ಅಥವಾ ಬೆನ್ನಿನ ಮೇಲೆ ಅಚ್ಚಾದ ಇಸವಿಯನ್ನು ತಯಾರಿಕೆಯ ವರ್ಷವೆಂದು ನಂಬಿ ‘ಹಳೆಯ ಅಪರೂಪದ ಮಾಲು’ ಎಂದು ದುಪ್ಪಟ್ಟು ಕೊಟ್ಟವರಿದ್ದಾರೆ. ಅದು ಬಹಳ ಸಲ ವಿನ್ಯಾಸದ ಹಕ್ಕಿನ ವರ್ಷ. ಅದೇ ಅಚ್ಚಿನಿಂದ ಎಷ್ಟೋ ವರ್ಷಗಳ ಮೇಲೂ ಗೊಂಬೆ ತೆಗೆದಿರಬಹುದು.

ದುಡ್ಡು ಯಾಕಿಷ್ಟು ಎಂಬ ತಾತನ ಪ್ರಶ್ನೆಗೂ ಉತ್ತರವಿದೆ. ಆಟಿಕೆಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಸಂಗ್ರಹದ ಫಿಗರ್‌ಗಳ ಪೆಟ್ಟಿಗೆಯ ಮೇಲೆ 15 ವರ್ಷ ಮೇಲ್ಪಟ್ಟವರಿಗೆ ಎಂದು ಬರೆದಿರುವುದು ಸಾಮಾನ್ಯ. ಹಾಗೆ ಬರೆದ ಗೊಂಬೆಯ ಚೂಪು ತುದಿ, ಸಣ್ಣ ಬಿಡಿಭಾಗಗಳನ್ನು ಮಕ್ಕಳ ಸುರಕ್ಷತೆಯ ಲೆಕ್ಕದಲ್ಲಿ ಮಾಡಿರುವುದಿಲ್ಲ. ಆದ್ದರಿಂದ ತೊಟ್ಟಿಲ ಕೂಸಿರುವ ಮನೆಯಲ್ಲಿ ಅದು ಕೈಗೆಟುಕದ ಜಾಗದಲ್ಲಿರಲಿ. ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತಲಿನ ಅಂಗಡಿಯಲ್ಲಿ ಮಗುವಿಗೆಂದು ಕೊಳ್ಳುವ ರೋಬೋ ಆದರೆ ಐಎಸ್‌ಐ ಗುರುತು ನೋಡಿಯೇ ಕೊಳ್ಳಬೇಕು, ಎರಡು ಮಾತಿಲ್ಲ.

ಆನ್‌ಲೈನಿನಲ್ಲಿ ತರಿಸುವಾಗ ತಯಾರಾದ ದೇಶವನ್ನೂ ಮಾರಾಟಗಾರನ ವಿವರವನ್ನೂ ತೋರಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಅದಿಲ್ಲದ ಪುಟವನ್ನು ಅಲ್ಲಿಗೇ ಮುಚ್ಚುವುದು ಒಳಿತು. ಪಾರ್ಸೆಲ್ ಬಿಚ್ಚುವುದನ್ನು ಮೊಹರು ಒಡೆಯುವ ಮೊದಲಿನಿಂದ ಎಲ್ಲೂ ಕತ್ತರಿಸದೆ ವಿಡಿಯೊ ಮಾಡಿಕೊಂಡರೆ, ಬಿಡಿಭಾಗ ಇರಲಿಲ್ಲವೆಂಬ ವಾದಕ್ಕೆ ಆಧಾರ ಸಿಗುತ್ತದೆ. ಮಾರಾಟಗಾರ ಕೈಯೆತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳುವ ಹಟವಿದ್ದವರಿಗೆ ಹೈದರಾಬಾದಿನ ಕಾಮಿಕ್ ಕಾನ್ ಮೇಳ ಬೆಂಗಳೂರಿನದಕ್ಕಿಂತ ಹತ್ತಿರ.

ಹಳೆಯ ಗೊಂಬೆ ಕೊಳ್ಳುವವರ ಪರೀಕ್ಷೆ ಬೇರೆ. ಅಂಥವರು ಎಪಿಎಂಸಿಯ ಹತ್ತಿ ವ್ಯಾಪಾರಿಯಂತಿರಬೇಕು. ಆತ ಮೇಲಿನ ಬಿಳುಪು ನೋಡಿ ದರ ಕೂಗುವುದಿಲ್ಲ. ಒಳಗೆ ಕೈಹಾಕಿ ಹಿಡಿ ಹತ್ತಿ ತೆಗೆದು, ಎರಡು ಬೆರಳಲ್ಲಿ ಎಳೆದು ಎಳೆಯ ಉದ್ದ, ಬಲ ನೋಡುತ್ತಾನೆ. ಹಳೆಯ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಮಿರಿಮಿರಿ ಚಿನ್ನದ ಬಣ್ಣವನ್ನೇ ಪ್ಲಾಸ್ಟಿಕ್‌ನೊಳಗೆ ಬೆರೆಸಿ ಎರಕಹೊಯ್ದವು ಸಿಕ್ಕರೆ ಎರಡು ಸಲ ಯೋಚಿಸಬೇಕು. 1980ರ ದಶಕದ ಕೊನೆಯಿಂದ 1990ರ ದಶಕದವರೆಗಿನ ಇಂಥ ಹಲವು ಗೊಂಬೆಗಳು ಪೆಟ್ಟಿಗೆಯಲ್ಲಿ ಕುಳಿತಲ್ಲೇ ಹಪ್ಪಳವಾಗಿ, ಮುಟ್ಟಿದರೆ ಮುರಿಯುತ್ತವೆ. ಹಟ್ಟಿಯ ಚಿನ್ನ ಕಂಡವರ ಜಿಲ್ಲೆಯಲ್ಲಿ ಈ ಚಿನ್ನಕ್ಕೆ ಮೋಸಹೋಗಬಾರದು. ಲೋಹದ್ದಾದರೆ ಸತುವಿನ ರೋಗ ನೋಡಬೇಕು. ಎರಕದ ಸತುವಿನಲ್ಲಿ ಸೀಸ, ತವರ, ಕ್ಯಾಡ್ಮಿಯಂ ಅಂಶ ಉಳಿದಿದ್ದರೆ ಲೋಹ ಒಳಗಿಂದ ಉಬ್ಬಿ, ಬಣ್ಣದಡಿ ಜೇಡನ ಬಲೆಯಂಥ ಬಿರುಕು ಬಿಟ್ಟು, ಕೊನೆಗೆ ಬೂದಿಯಂತೆ ಉದುರುತ್ತದೆ. ಇದಕ್ಕೆ ಔಷಧಿಯಿಲ್ಲ. ಮೈ ಅಂಟಂಟಾಗಿದ್ದರೆ ಅಷ್ಟು ಗಾಬರಿ ಬೇಡ. ಪಿವಿಸಿಯನ್ನು ಮೆತ್ತಗಿಡುವ ರಾಸಾಯನಿಕ ಬೆವರಿನಂತೆ ಹೊರಬಂದಿದೆ, ಸೋಪಿನ ನೀರಲ್ಲಿ ತೊಳೆದರೆ ಸದ್ಯಕ್ಕೆ ಹೋಗುತ್ತದೆ. ಬ್ಯಾಟರಿ ಹಾಕುವ ಗೂಡನ್ನು ತೆರೆದು ನೋಡದೆ ದುಡ್ಡು ಕೊಡಬಾರದು. ಹಸಿರು ಕಿಲುಬು ಹಿಡಿದಿದ್ದರೆ ಒಳಗಿನ ತಂತಿಯೂ ಹೋಗಿದೆ ಎಂದೇ ಲೆಕ್ಕ.

ಇದೆಲ್ಲ ಟೋಕಿಯೊದಲ್ಲೂ ನಿಜ. ರಾಯಚೂರಿನಲ್ಲಿ ಮಾತ್ರ ಇನ್ನೊಂದು ಪರೀಕ್ಷೆ ಹೆಚ್ಚು, ಅದು ಬಿಸಿಲಿನದು. ಮೇ ತಿಂಗಳಲ್ಲಿ ಪಾದರಸ 42, 43 ಡಿಗ್ರಿ ದಾಟುವ ಊರಿದು. ಬಿಸಿಲಲ್ಲಿ ನಿಲ್ಲಿಸಿದ ಮುಚ್ಚಿದ ವಾಹನದೊಳಗೆ 60ರ ಮೇಲೂ ಹೋಗುತ್ತದೆ. ಗಟ್ಟಿ ಎಬಿಎಸ್ ಪ್ಲಾಸ್ಟಿಕ್ ಇದನ್ನು ತಡೆದುಕೊಳ್ಳುತ್ತದೆ, ಮೆತ್ತನೆಯ ಪಿವಿಸಿ ತಡೆಯದು. ಉಗುರಿನಿಂದ ತಟ್ಟಿದರೆ ಎಬಿಎಸ್ ಟಣ್ಣೆನ್ನುತ್ತದೆ, ಪಿವಿಸಿ ಮೂಕ. ಕತ್ತಿ, ಕೊಂಬು, ಆ್ಯಂಟೆನಾಗಳನ್ನು ಚುಚ್ಚದಿರಲೆಂದು ಹೆಚ್ಚಾಗಿ ಪಿವಿಸಿಯಲ್ಲೇ ಮಾಡುತ್ತಾರೆ. ಹಾಗಾಗಿ ಬೇಸಿಗೆಯಲ್ಲಿ ದೇವದುರ್ಗದವರೆಗೆ ಕಾದ ಗಾಡಿಯಲ್ಲಿ ಬಂದ ರೋಬೋದ ಕತ್ತಿ ಬಾಗಿದ್ದರೆ ಅದು ಕಂಪನಿಯ ತಪ್ಪೆಂದು ಹೇಳಲಾಗದು. ಬಂದ ಪೆಟ್ಟಿಗೆಯನ್ನು ಕೂಡಲೇ ಬಿಚ್ಚದೆ ನೆರಳಲ್ಲಿ ಒಂದೆರಡು ತಾಸು ಇಟ್ಟು ಆರಲು ಬಿಡಬೇಕು. ಬಿಸಿಯಲ್ಲಿ ಮೆತ್ತಗಾದ ಕೊಂಬನ್ನು ತಿರುವಿದರೆ ಅದು ಆ ತಿರುವಿನಲ್ಲೇ ಗಟ್ಟಿಯಾಗುತ್ತದೆ. ಆಗಲೇ ಬಾಗಿದ್ದರೆ ಕುದಿಯದ, ಕೈಗೆ ಚುರುಕೆನ್ನುವಷ್ಟು ಬಿಸಿಯ ನೀರಲ್ಲಿ ಅರ್ಧ ನಿಮಿಷ ಅದ್ದಿ, ನೆಟ್ಟಗೆ ಮಾಡಿ, ತಣ್ಣೀರಲ್ಲಿ ಮುಳುಗಿಸಿದರೆ ಸರಿಹೋಗುತ್ತದೆ.

ಬಿಳಿ ಪ್ಲಾಸ್ಟಿಕ್ಕಿಗೆ ಬಿಸಿಲು ನೇರ ಬಿದ್ದರೆ ಕೆಲವೇ ವರ್ಷದಲ್ಲಿ ಹಳೆ ಸ್ವಿಚ್‌ಬೋರ್ಡಿನ ಬಣ್ಣ ಬರುತ್ತದೆ. ಪಶ್ಚಿಮದ ಗೋಡೆಗೆ ಹೊಂದಿಸಿದ ಶೋಕೇಸ್ ಇಲ್ಲಿ ತಂದೂರಿ ಒಲೆ. ಅದಕ್ಕಿಂತ ಹೆಚ್ಚು ಜನ ಮಾಡುವ ತಪ್ಪು ಬೇರೆ: ಗೊಂಬೆ ತಂಪಾಗಿರಲೆಂದು ಕೂಲರಿನ ಎದುರಿಗಿಡುವುದು. ಕೂಲರ್ ತರುವುದು ಒದ್ದೆ ಗಾಳಿ, ಅದೂ ಹೆಚ್ಚಾಗಿ ಬೋರ್‌ವೆಲ್ಲಿನ ಗಡಸು ನೀರಿನದು. ಗೊಂಬೆಯ ಮೇಲೆ ಬಿಳಿ ಉಪ್ಪಿನ ಚುಕ್ಕೆ ಬೀಳುತ್ತವೆ, ಕಲಬೆರಕೆ ಸತುವಿದ್ದರೆ ಮೇಲೆ ಹೇಳಿದ ರೋಗಕ್ಕೆ ತೇವವೇ ಆಹಾರ. ತೊಳೆಯುವುದಿದ್ದರೂ ಕುಡಿಯಲು ಇಟ್ಟ ಫಿಲ್ಟರ್ ನೀರೇ ಬೇಕು. ದಿನದ ದೂಳಿಗೆ ಮೇಕಪ್ಪಿನ ಮೆತ್ತನೆ ಬ್ರಷ್ ಸಾಕು. ಬಟ್ಟೆಯಿಂದ ಉಜ್ಜಿದರೆ ದೂಳೇ ಉಸುಕು ಕಾಗದವಾಗಿ ಬಣ್ಣ ಗೀರುತ್ತದೆ.

ತಂಪಾದ, ಒಣಗಿದ, ಬಿಸಿಲು ಬೀಳದ ಜಾಗ ಹುಡುಕುತ್ತ ಹೊರಟರೆ ಹಳೆಯ ಮಾಳಿಗೆ ಮನೆಯ ಗೋಡೆಯ ಮಾಡ ಕಣ್ಣಿಗೆ ಬೀಳುತ್ತದೆ. ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಹೊರಗೆ ಎಷ್ಟೇ ಕಾದರೂ ಒಳಗೆ ತಾಪ ನಿಧಾನ ಏರುತ್ತದೆ. ಮುಂದೊಂದು ಗಾಜಿನ ಹಲಗೆ ನಿಲ್ಲಿಸಿದರೆ ಮಣ್ಣು ಉದುರುವ ಚಿಂತೆಯೂ ಇಲ್ಲ. ಆದರೆ ಮಾಡ ಕಟ್ಟಿದ್ದು ದೀಪ, ಚಿಮಣಿಗೆಂದು, 12.5 ಸೆಂಟಿಮೀಟರಿನ ಗೊಂಬೆ ಹಿಡಿಸಿದಲ್ಲಿ 30ರದು ಹಿಡಿಸದು. ಆರ್ಡರ್ ಮಾಡುವ ಮೊದಲು ಟೇಪು ಹಿಡಿದು ಮಾಡದ ಎತ್ತರ, ಆಳ ಎರಡನ್ನೂ ಅಳೆದುಕೊಳ್ಳಬೇಕು. ಪೆಟ್ಟಿಗೆಯ ಮೇಲಿನ ಎತ್ತರದಲ್ಲಿ ಹಣೆಯ ಕೊಂಬನ್ನಾಗಲಿ ಬೆನ್ನ ರೆಕ್ಕೆಯನ್ನಾಗಲಿ ಸೇರಿಸಿರದಿದ್ದರೆ, ಎರಡು ಬೆರಳಿನಷ್ಟು ಜಾಗ ಹೆಚ್ಚಿಗೆ ಹಿಡಿಯುವುದು ಕ್ಷೇಮ.